ಕೋಪದ ಇಂಗ್ಲಿಷು, ದೋಸೆ ಅಂಗಡಿಯ ಲೆಕ್ಕ

ಪ್ರಶ್ನೆ: ಸರ್, ನಾನು ಚಿತ್ರದುರ್ಗದವಳು. ಮನೆಯಿಂದಲೇ ಒಂದು ಸಾಫ್ಟ್‌ವೇರ್ ಕಂಪನಿಗೆ ಕೆಲಸ ಮಾಡುತ್ತೇನೆ. ನಮ್ಮ ಮ್ಯಾನೇಜರ್ ಲಂಡನ್ನಿನವರು. ಹೋದ ವಾರ ಬಿಲ್ ತಪ್ಪಾಗಿ ಹೋಗಿ ಒಬ್ಬ ಗ್ರಾಹಕರು ಸಿಟ್ಟಾಗಿದ್ದರು. ಅದನ್ನು ತಿಳಿಸಲು ‘ದಿ ಕ್ಲೈಂಟ್ ಈಸ್ ಮ್ಯಾಡ್ ಆನ್ ಅಸ್’ ಎಂದು ಮೇಲ್ ಹಾಕಿದೆ. ಅವರು ‘ಲಕ್ಕಿ ಅಸ್!’ ಎಂದು ಬರೆದು, ಪಕ್ಕಕ್ಕೆ ನಗುವ ಮುಖ ಹಾಕಿ ಕಳಿಸಿದರು. ಏನು ತಪ್ಪಾಯಿತು ಎಂದು ಅವರನ್ನೇ ಕೇಳಲು ನಾಚಿಕೆ. ಅನಾಯ್ಡ್, ಇರಿಟೇಟೆಡ್, ಅಪ್‌ಸೆಟ್, ಆಂಗ್ರಿ, ಫ್ಯೂರಿಯಸ್, ಔಟ್‌ರೇಜ್ಡ್, ಇವನ್ನೆಲ್ಲ ಚಿಕ್ಕ ಸಿಟ್ಟಿನಿಂದ ದೊಡ್ಡ ಸಿಟ್ಟಿನವರೆಗೆ ಸಾಲಾಗಿ ಜೋಡಿಸಿ ಕೊಡುತ್ತೀರಾ? ಹಾಗೇ ನಮ್ಮ ‘ಮುನಿಸು’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ?

ಉತ್ತರ: ತಂಗಿ, ಮೊದಲು ನಿಮ್ಮ ಮ್ಯಾನೇಜರ್ ಯಾಕೆ ನಕ್ಕರು ಅನ್ನುವುದನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಉಳಿದದ್ದು ನಿಮ್ಮ ತಲೆಗೆ ಹೋಗುವುದಿಲ್ಲ.

ಬ್ರಿಟನ್ನಿನಲ್ಲಿ ಯಾರಾದರೂ ಒಂದರ ಬಗ್ಗೆ ‘ಮ್ಯಾಡ್ ಆನ್’ ಎಂದರೆ, ಅದೆಂದರೆ ಅವರಿಗೆ ಪ್ರಾಣ ಎಂದರ್ಥ. ‘ಮ್ಯಾಡ್ ಆನ್ ಫುಟ್‌ಬಾಲ್’ ಎಂದರೆ ಫುಟ್‌ಬಾಲ್ ಹುಚ್ಚಿನವನು. ನಾವೂ ‘ಅವನಿಗೆ ಕ್ರಿಕೆಟ್ ಹುಚ್ಚು’ ಅನ್ನುತ್ತೇವಲ್ಲ, ಅದೇ. ನಿಮ್ಮ ಮೇಲ್ ಓದಿದಾಗ ಅವರಿಗೆ ‘ಗ್ರಾಹಕರಿಗೆ ನಾವೆಂದರೆ ಹುಚ್ಚು ಪ್ರೀತಿ’ ಎಂದು ಕೇಳಿಸಿದೆ. ನೀವು ಹೇಳಬೇಕೆಂದಿದ್ದು ಅವರಿಗೆ ಗೊತ್ತಾಗಿರುತ್ತದೆ ಬಿಡಿ. ಸುಮ್ನೆ ತಮಾಷೆ ಮಾಡಿದ್ದಾರೆ.

ಇಲ್ಲಿ ಎರಡು ಎಡವಟ್ಟು ಸೇರಿವೆ. ಒಂದು ‘ಮ್ಯಾಡ್’. ಸಿಟ್ಟು ಎನ್ನುವ ಅರ್ಥದಲ್ಲಿ ಇದನ್ನು ದಿನಬೆಳಗಾದರೆ ಬಳಸುವವರು ಅಮೆರಿಕದವರು. ‘ಮ್ಯಾಡ್ ಅಟ್ ಮಿ’ ಅನ್ನುತ್ತಾರೆ. ಬ್ರಿಟಿಷರಿಗೆ ಮ್ಯಾಡ್ ಎಂದರೆ ಮೊದಲು ನೆನಪಾಗುವುದು ತಲೆ ಕೆಟ್ಟವರು. ಸಿಟ್ಟಿನ ಅರ್ಥ ಇಂಗ್ಲೆಂಡಿನ ಹಳೆಯ ಮಾತಿನಲ್ಲೂ ಇತ್ತು. ಅಮೆರಿಕದವರು ಅದನ್ನು ಹುಟ್ಟಿಸಿದವರಲ್ಲ, ಉಳಿಸಿಕೊಂಡವರು. ನಾವು ಸಿನಿಮಾ, ಸೀರಿಯಲ್ ನೋಡಿ ಅಮೆರಿಕದ ಮಾತು ಕಲಿಯುತ್ತೇವೆ, ಲಂಡನ್ನಿನವರಿಗೆ ಮೇಲ್ ಬರೆಯುತ್ತೇವೆ.

ಎರಡನೆಯದು ‘ಆನ್’. ಇದು ನಮ್ಮ ಕನ್ನಡ ಮಾಡಿದ ಕಿತಾಪತಿ. ‘ನನ್ನ ಮೇಲೆ ಸಿಟ್ಟು’ ಎಂದು ನಾವು ಹೇಳುತ್ತೇವೆ. ಆ ‘ಮೇಲೆ’ಯನ್ನು ಹಾಗೇ ಎತ್ತಿ ಇಂಗ್ಲಿಷಿನಲ್ಲಿಟ್ಟರೆ ‘ಆಂಗ್ರಿ ಆನ್ ಮಿ’ ಆಗುತ್ತದೆ. ದಾವಣಗೆರೆಯ ಕಾಲೇಜಿನಲ್ಲಿ ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವನು ನಾನು. ಈ ಒಂದು ‘ಆನ್’ಗೆ ಸುತ್ತು ಹಾಕಿ ಹಾಕಿ ಎಷ್ಟು ಕೆಂಪು ರೀಫಿಲ್ ಖಾಲಿಯಾದವೋ. ಇಂಗ್ಲಿಷಿನಲ್ಲಿ ಕೋಪ ಯಾರ ಮೇಲೂ ಕೂರುವುದಿಲ್ಲ. ಮನುಷ್ಯರಾದರೆ ‘ಆಂಗ್ರಿ ವಿತ್’ ಅಥವಾ ‘ಆಂಗ್ರಿ ಅಟ್’, ವಿಷಯವಾದರೆ ‘ಆಂಗ್ರಿ ಅಬೌಟ್’. ಫ್ಯೂರಿಯಸ್, ಅನಾಯ್ಡ್ ಎಲ್ಲದಕ್ಕೂ ‘ವಿತ್’ ಹಾಕಿದರೆ ಸಾಕು, ಮೋಸವಿಲ್ಲ. ಬೈದರು ಎನ್ನಲು ‘ಶೌಟೆಡ್ ಆನ್ ಮಿ’ ಅಲ್ಲ, ‘ಶೌಟೆಡ್ ಅಟ್ ಮಿ’.

ಬೈಗುಳದ ಮಾತು ಬಂದಿದ್ದಕ್ಕೆ ಇನ್ನೊಂದು ಎಚ್ಚರಿಕೆ. ಸಾಹೇಬ್ರು ಬೈದರೆ ನಮ್ಮ ಆಫೀಸುಗಳಲ್ಲಿ ‘ಇವತ್ತು ಸರಿಯಾಗಿ ಫೈರಿಂಗ್ ಆಯ್ತು’ ಅನ್ನುತ್ತಾರೆ. ಇದನ್ನು ನಂಬಿ ‘ಮೈ ಬಾಸ್ ಫೈರ್ಡ್ ಮಿ’ ಎಂದು ಲಂಡನ್ನಿಗೆ ಬರೆದರೆ ನಿಮ್ಮ ಕೆಲಸ ಹೋಯಿತು ಅಂತ ಅವರು ತಿಳಿಯುತ್ತಾರೆ. ನಮ್ಮ ತಂದೆ ಹತ್ತಿ ಗಿರಣಿಯಲ್ಲಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಅವರಿಗೆ ಎರಡೂ ಥರದ ಫೈರಿಂಗ್ ಗೊತ್ತಿತ್ತು. ಬಿಡಿ, ಅದು ಬೇರೆ ಕಥೆ.

ಈಗ ನಿಮ್ಮ ಸಾಲಿನ ವಿಷಯ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಅಂದಿರಿ. ಸ್ಪೋಕನ್ ಇಂಗ್ಲಿಷ್ ಪುಸ್ತಕಗಳೂ ಅದನ್ನೇ ಮಾಡುತ್ತವೆ. ಜ್ವರದ ಥರ್ಮಾಮೀಟರಿನಂತೆ ಕೆಳಗೆ ಅನಾಯ್ಡ್, ನಡುವೆ ಆಂಗ್ರಿ, ತುದಿಯಲ್ಲಿ ಫ್ಯೂರಿಯಸ್. ಅಷ್ಟರ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಅದನ್ನು ನಂಬಿಕೊಂಡರೆ ಅರ್ಧ ಪದಗಳು ಕೈಗೇ ಸಿಗುವುದಿಲ್ಲ. ಪದ ಆರಿಸುವಾಗ ಕೇಳಬೇಕಾದದ್ದು ಸಿಟ್ಟು ಎಷ್ಟು ಬಂತು ಅಂತಲ್ಲ. ಯಾಕೆ ಬಂತು, ಯಾರಿಗೆ ಯಾರ ಬಗ್ಗೆ ಬಂತು ಅಂತ.

ದೋಸೆ ಅಂಗಡಿಗೆ ಬನ್ನಿ, ತೋರಿಸುತ್ತೇನೆ. ಭಾನುವಾರ ಬೆಳಗ್ಗೆ, ನಮ್ಮೂರಿನ ಬೆಣ್ಣೆ ದೋಸೆ ಅಂಗಡಿ. ಸೌದೆ ಒಲೆ, ಹೊಗೆ, ಮುಂದೆ ಜನ. ಹೊಟ್ಟೆ ಚುರುಗುಟ್ಟುತ್ತಿದೆ. ಮಗ ಏನೋ ಕೇಳಿದ, ನೀವು ಸುಮ್ಮನೆ ರೇಗಿದಿರಿ. ಇದು ಹ್ಯಾಂಗ್ರಿ. ಹಸಿವಿನ ಹಂಗ್ರಿ, ಕೋಪದ ಆಂಗ್ರಿ ಎರಡನ್ನೂ ಸೇರಿಸಿ ಹೊಲಿದ ಪದ. 2018ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿತು. ಇನ್ನು ಹತ್ತು ನಿಮಿಷ ಅಂದವರು ಅರ್ಧ ಗಂಟೆ ಕಾಯಿಸಿದರು. ಇದು ಅನಾಯ್ಡ್. ಪಕ್ಕದ ಬೆಂಚಿನವನು ಮೊಬೈಲಿನಲ್ಲಿ ಜೋರಾಗಿ ರೀಲ್ಸ್ ಹಾಕಿಕೊಂಡಿದ್ದಾನೆ, ಒಂದೇ ಹಾಡು, ಹತ್ತು ಸಲ. ಇದು ಇರಿಟೇಟೆಡ್. ಕಂಬಳಿ ಚುಚ್ಚಿದಂತೆ ಕಿರಿಕಿರಿ. ಡಾಕ್ಟರು ‘ಸ್ಕಿನ್ ಇರಿಟೇಶನ್’ ಅನ್ನುವುದೂ ಇದೇ ಪದ. ಪ್ರತಿ ಭಾನುವಾರ ಇದೇ ಗೋಳು, ಹೇಳಿ ಹೇಳಿ ಸಾಕಾಗಿದೆ. ಇದು ಎಗ್ಸಾಸ್ಪರೇಟೆಡ್. ರೈಲ್ವೆ ಗೇಟಿನ ಮುಂದೆ ದಿನಾ ಬೈಕ್ ನಿಲ್ಲಿಸುವವರ ಮುಖ ನೋಡಿದ್ದೀರಲ್ಲ? ಅದು. ಸಿಟ್ಟು, ಸುಸ್ತು ಎರಡೂ ಕಲಸಿದ್ದು.

ಈಗ ಮುಖ್ಯವಾದದ್ದು. ನಿಮಗಿಂತ ಆಮೇಲೆ ಬಂದವನಿಗೆ ಮೊದಲು ದೋಸೆ ಕೊಟ್ಟರು. ಈಗ ಬರುವ ಸಿಟ್ಟು ಹಸಿವಿನದಲ್ಲ. ನ್ಯಾಯದ್ದು. ಇದಕ್ಕೆ ಇಂಗ್ಲಿಷಿನಲ್ಲಿ ಇಂಡಿಗ್ನೆಂಟ್ ಎನ್ನುತ್ತಾರೆ. ಲ್ಯಾಟಿನ್ನಿನ ‘ಇಂಡಿಗ್ನಸ್’ನಿಂದ ಬಂದದ್ದು. ತಕ್ಕದ್ದಲ್ಲ ಎಂದು ಅದರ ಅರ್ಥ. ನಡೆದದ್ದು ತಕ್ಕದ್ದಲ್ಲ ಎಂದು ಬರುವ ಕೋಪ. ನಿಮ್ಮ ದನಿ ಏರದೇ ಇರಬಹುದು, ಕೈ ನಡುಗದೇ ಇರಬಹುದು. ಆದರೂ ಇದು ಅನಾಯ್ಡ್ ಅಲ್ಲ. ಥರ್ಮಾಮೀಟರಿನಲ್ಲಿ ಇದನ್ನು ಎಲ್ಲಿಡುತ್ತೀರಿ? ಜಾಗವೇ ಇಲ್ಲ. ಅದಕ್ಕೇ ಆ ಸಾಲು ಬೇಡ ಅಂದದ್ದು.

ಕೇಳಿದರೆ ಅಂಗಡಿಯವನು ‘ಬೇಕಿದ್ರೆ ತಿನ್ನು, ಇಲ್ಲಾಂದ್ರೆ ಹೋಗು’ ಅಂದ. ಸುತ್ತ ನಿಂತವರೆಲ್ಲ ‘ಏನ್ರೀ ಇದು’ ಎಂದು ತಿರುಗಿಬಿದ್ದರು. ಇದು ಔಟ್‌ರೇಜ್. (ನಿಜದಲ್ಲಿ ನಮ್ಮೂರ ದೋಸೆ ಅಂಗಡಿಯವರು ಹಾಗೆಲ್ಲ ಅನ್ನುವವರಲ್ಲ. ಪಾಠಕ್ಕೆ ಹೇಳಿದ್ದು.) ಈ ಪದ ನೋಡಿದರೆ ‘ಔಟ್’ ಮತ್ತು ‘ರೇಜ್’ ಸೇರಿದಂತೆ ಕಾಣುತ್ತದೆ, ಒಳಗಿನ ಸಿಟ್ಟು ಹೊರಗೆ ಬಂದದ್ದು ಅಂತ. ನಾನೂ ಬಹಳ ಕಾಲ ಹಾಗೇ ತಿಳಿದಿದ್ದೆ, ಕ್ಲಾಸಿನಲ್ಲೂ ಹಾಗೇ ಹೇಳಿದ್ದೆ. ತಪ್ಪು. ಇದು ಹಳೆಯ ಫ್ರೆಂಚಿನಿಂದ ಬಂದ ಪದ. ಅದರ ಬೇರು ಲ್ಯಾಟಿನ್ನಿನ ‘ಅಲ್ಟ್ರಾ’, ಅಂದರೆ ಆಚೆ. ಹದ್ದು ಮೀರಿದ್ದಕ್ಕೆ ಔಟ್‌ರೇಜ್ ಎಂದು ಹೆಸರು. ರೇಜ್‌ಗೂ ಇದಕ್ಕೂ ನೆಂಟಸ್ತಿಕೆ ಇರಲಿಲ್ಲ, ನೋಡಲು ಒಂದೇ ಥರ ಇದ್ದುದರಿಂದ ಆಮೇಲೆ ಅಂಟಿಕೊಂಡಿತು. ನಮ್ಮ ಪತ್ರಿಕೆಗಳಲ್ಲಿ ‘ಸಾರ್ವಜನಿಕರ ಆಕ್ರೋಶ’ ಎಂದು ಬರೆಯುತ್ತಾರಲ್ಲ, ಅದೇ ಜಾಗದಲ್ಲಿ ಇಂಗ್ಲಿಷ್ ಪತ್ರಿಕೆ ‘ಪಬ್ಲಿಕ್ ಔಟ್‌ರೇಜ್’ ಎನ್ನುತ್ತದೆ. ಆಕ್ರೋಶದ ಮೂಲ ಅರ್ಥ ಕೂಗು. ನಾವು ಜನ ಕೂಗಿದ್ದನ್ನು ಹಿಡಿದೆವು, ಅವರು ಎದುರಿನವನು ಗೆರೆ ದಾಟಿದ್ದನ್ನು ಹಿಡಿದರು.

ಹಾಗಾದರೆ ನಿಜವಾದ ‘ರೇಜ್’ ಎಲ್ಲಿಂದ ಬಂತು? ಹುಚ್ಚುನಾಯಿಯಿಂದ. ಲ್ಯಾಟಿನ್ನಿನ ‘ರೇಬೀಸ್’ ಫ್ರೆಂಚಿನಲ್ಲಿ ಸವೆದು ರೇಜ್ ಆಯಿತು. ನಾಯಿ ಕಚ್ಚಿದರೆ ಆಸ್ಪತ್ರೆಯಲ್ಲಿ ಹಾಕುವ ಇಂಜೆಕ್ಷನ್ ಚೀಟಿಯಲ್ಲಿ ಇರುವುದೂ ಅದೇ ಪದ. ಅದಕ್ಕೇ ರೇಜ್ ಎಂದರೆ ಮೈಮೇಲೆ ಎಚ್ಚರವಿಲ್ಲದ ಸಿಟ್ಟು. ರಸ್ತೆಯಲ್ಲಿ ಒಬ್ಬ ಸ್ವಲ್ಪ ಅಡ್ಡ ಬಂದದ್ದಕ್ಕೆ ಕಾರಿನಿಂದ ಇಳಿದು ಹೊಡೆಯಲು ಹೋಗುತ್ತಾನಲ್ಲ, ಆ ‘ರೋಡ್ ರೇಜ್’ ಈಗ ಕನ್ನಡ ಪತ್ರಿಕೆಗಳಲ್ಲೂ ಹಾಗೇ ಬರುತ್ತದೆ. ಅದನ್ನು ‘ರಸ್ತೆ ಕೋಪ’ ಎಂದರೆ ಸಪ್ಪೆಯಾಗುತ್ತದೆ.

ಫ್ಯೂರಿ ಇದರ ಅಕ್ಕ. ರೋಮನ್ನರ ಪುರಾಣದಲ್ಲಿ ಫ್ಯೂರಿಗಳು ಎಂದರೆ ಸೇಡಿನ ದೇವತೆಗಳು, ಪಾಪ ಮಾಡಿದವರನ್ನು ಬೆನ್ನಟ್ಟುವವರು. ಹಾಗಾಗಿ ಫ್ಯೂರಿಯಸ್ ಎಂದರೆ ಭಾರಿ ಸಿಟ್ಟೇ, ನಮ್ಮ ಕೆಂಡಾಮಂಡಲ. ಆದರೆ ರೇಜ್‌ನಷ್ಟು ಕುರುಡಲ್ಲ. ಫ್ಯೂರಿಯಸ್ ಆದವರು ಒಂದು ಖಡಕ್ ಪತ್ರ ಬರೆಯಬಲ್ಲರು. ರೇಜ್‌ನಲ್ಲಿ ಇರುವವರು ಪೆನ್ನು ಮುರಿಯುತ್ತಾರೆ.

ಇಲ್ಲಿ ನಿಮ್ಮೂರಿನ ಓಬವ್ವ ನೆನಪಾಗುತ್ತಾಳೆ. ಹುಡುಗರು ಪ್ರಬಂಧದಲ್ಲಿ ‘ಓಬವ್ವ ವಾಸ್ ವೆರಿ ಆಂಗ್ರಿ’ ಎಂದು ಬರೆಯುತ್ತಿದ್ದರು. ಸ್ವಲ್ಪ ಜಾಣರು ‘ಇನ್ ಗ್ರೇಟ್ ರೇಜ್’ ಎನ್ನುತ್ತಿದ್ದರು. ನಾನು ಎರಡನ್ನೂ ಹೊಡೆದುಹಾಕುತ್ತಿದ್ದೆ. ಕಥೆ ನೆನಪಿಸಿಕೊಳ್ಳಿ. ಹೈದರಾಲಿಯ ಸೈನಿಕರು ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತೂರಿ ಬರುತ್ತಿದ್ದಾರೆ. ಗಂಡ ಊಟಕ್ಕೆ ಕೂತಿದ್ದಾನೆ. ಅವಳು ಸದ್ದಿಲ್ಲದೆ ಪಕ್ಕಕ್ಕೆ ನಿಂತು, ತಲೆ ಕಂಡ ಕೂಡಲೇ ಒನಕೆಯಿಂದ ಹೊಡೆದು, ಹೆಣ ಎಳೆದು ಪಕ್ಕಕ್ಕೆ ಹಾಕಿ, ಮುಂದಿನವನಿಗೆ ಕಾದಳು. ರೇಜ್ ಬಂದವರು ಹಾಗೆ ಕಾಯುತ್ತಾರಾ? ಒಂದು ಕೂಗು ಹಾಕಿದ್ದರೂ ಕೆಲಸ ಕೆಡುತ್ತಿತ್ತು. ಅಲ್ಲಿದ್ದದ್ದು ಕೋಪವೇ ಅಲ್ಲದಿರಬಹುದು, ಇದ್ದರೂ ತಣ್ಣನೆಯ ಕೋಪ. ಇಂಗ್ಲಿಷಿನಲ್ಲಿ ‘ಕೋಲ್ಡ್ ಫ್ಯೂರಿ’ ಎನ್ನುವ ಮಾತಿದೆ. ಅದಕ್ಕೆ ಮಾತ್ರ ನಾನು ಪೂರ್ತಿ ಅಂಕ ಕೊಡುತ್ತಿದ್ದೆ. ಮೂವತ್ತು ವರ್ಷದಲ್ಲಿ ಒಬ್ಬ ಹುಡುಗಿ ಬರೆದಳು.

ಪದಗಳ ಹುಟ್ಟಿನ ಬಗ್ಗೆ ಶುರು ಮಾಡಿದರೆ ನನಗೆ ನಿಲ್ಲಿಸುವುದು ಕಷ್ಟ. ಇನ್ನು ಮೂರೇ ಮೂರು ಹೇಳುತ್ತೇನೆ.

‘ಟೆಂಪರ್’. ಮೊಬೈಲ್ ಅಂಗಡಿಯಲ್ಲಿ ‘ಟೆಂಪರ್ ಗ್ಲಾಸ್’ ಹಾಕಿಸುತ್ತೀರಲ್ಲ, ಆ ಟೆಂಪರ್ ಮತ್ತು ‘ಶಾರ್ಟ್ ಟೆಂಪರ್’ ಒಂದೇ. ಮೂಲ ಅರ್ಥ ಹದ. ಕಬ್ಬಿಣಕ್ಕೆ, ಗಾಜಿಗೆ ಕೊಡುವ ಹದ, ಮನುಷ್ಯನ ಮನಸ್ಸಿನ ಹದ. ಹಿಂದಿನ ಯುರೋಪಿನ ವೈದ್ಯರು ಮೈಯಲ್ಲಿ ನಾಲ್ಕು ರಸಗಳಿವೆ, ಅವು ಹದವಾಗಿ ಬೆರೆತಿದ್ದರೆ ಮನುಷ್ಯ ನೆಟ್ಟಗಿರುತ್ತಾನೆ ಎಂದು ನಂಬಿದ್ದರು. ‘ಲಾಸ್ಟ್ ಹಿಸ್ ಟೆಂಪರ್’ ಎಂದರೆ ಅವನ ಹದ ತಪ್ಪಿತು. ನಾಲ್ಕರಲ್ಲಿ ಹಳದಿ ಪಿತ್ತ ಜಾಸ್ತಿಯಾದರೆ ಸಿಟ್ಟಿನ ಸ್ವಭಾವ, ಅವನನ್ನು ‘ಕಾಲರಿಕ್’ ಎನ್ನುತ್ತಿದ್ದರು. ನಾವು ‘ಪಿತ್ತ ನೆತ್ತಿಗೇರಿತು’ ಅನ್ನುತ್ತೇವೆ. ಅಲ್ಲಿಯೂ ಇಲ್ಲಿಯೂ ಕೋಪದ ಕಾರ್ಖಾನೆ ಪಿತ್ತವೇ! ಅಂದ ಹಾಗೆ, ‘ಹಿ ಈಸ್ ವೆರಿ ಶಾರ್ಟ್ ಟೆಂಪರ್’ ಎಂದು ಬರೆಯಬೇಡಿ. ‘ಶಾರ್ಟ್ ಟೆಂಪರ್ಡ್’ ಆಗಬೇಕು. ಮೂಗಿನ ತುದಿಯಲ್ಲೇ ಕೋಪ ಇರುವವರು.

‘ಇನ್‌ಸೆನ್ಸ್ಡ್’. ಊದಿನಕಡ್ಡಿ ಪ್ಯಾಕೆಟ್ಟಿನ ಮೇಲೆ ‘ಇನ್‌ಸೆನ್ಸ್ ಸ್ಟಿಕ್ಸ್’ ಎಂದು ಇರುತ್ತದೆ ನೋಡಿ. ಅದೇ ಪದ. ಎರಡೂ ಸುಡುವುದು ಎನ್ನುವ ಲ್ಯಾಟಿನ್ ಪದದಿಂದ ಬಂದವು. ಧೂಪಕ್ಕೆ ಒತ್ತು ಮೊದಲ ಅಕ್ಷರದ ಮೇಲೆ, ಕೋಪಕ್ಕೆ ಒತ್ತು ‘ಸೆನ್ಸ್’ ಮೇಲೆ. ಅಷ್ಟೇ ವ್ಯತ್ಯಾಸ. ಒಂದು ಘಮ ಅನ್ನುತ್ತದೆ, ಒಂದು ಧಗ ಅನ್ನುತ್ತದೆ.

‘ಲಿವಿಡ್’. ಇದು ಬಣ್ಣದ ಹೆಸರು. ಪೆಟ್ಟು ಬಿದ್ದು ಕಪ್ಪು ನೀಲಿಗಟ್ಟುತ್ತದಲ್ಲ, ಆ ಬಣ್ಣ. ಸಿಟ್ಟಿನ ಅರ್ಥ ಬಂದದ್ದು 20ನೇ ಶತಮಾನದಲ್ಲಿ. ಈಗ ಬ್ರಿಟಿಷರು ‘ಷಿ ವಾಸ್ ಲಿವಿಡ್’ ಎಂದರೆ ಸಿಟ್ಟಿನಿಂದ ಮುಖದ ಬಣ್ಣವೇ ಬದಲಾಗಿತ್ತು ಎಂದು ತಿಳಿಯಿರಿ. ಆಪ್ತರ ಮಾತಿಗೆ ಸರಿ, ಆಫೀಸಿನ ಮೇಲ್‌ಗೆ ಬೇಡ.

ಇನ್ನು ಆಂಗರ್ ಎನ್ನುವ ದೊಡ್ಡ ಪದ. ಸಮುದ್ರ ದಾಟಿ ಇಂಗ್ಲೆಂಡಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯಾದವರ ಮಾತಿನಿಂದ ಅದು ಇಂಗ್ಲಿಷಿಗೆ ಬಂತು. ಅವರ ಮಾತಿನಲ್ಲಿ ‘ಅಂಗ್ರ್’ ಎಂದರೆ ಸಿಟ್ಟಲ್ಲ, ದುಃಖ, ಸಂಕಟ. ಬೇರಿನ ಅರ್ಥ ಬಿಗಿ, ಇಕ್ಕಟ್ಟು. ಇಂಗ್ಲಿಷಿನ ಆಂಗ್ವಿಶ್, ಆಂಗ್ಸೈಟಿ ಎಲ್ಲ ಅದೇ ಬಳ್ಳಿಯ ಕಾಯಿ. ಎದೆ ಬಿಗಿದಂತಾಗುವ ಸಂಕಟ ಮೊದಲು, ಸಿಟ್ಟು ಆಮೇಲೆ. ಈಗಲೂ ಕೆಂಪಗೆ ಉರಿಯುವ ಗಾಯಕ್ಕೆ ಇಂಗ್ಲಿಷ್ ಡಾಕ್ಟರು ‘ಆಂಗ್ರಿ ವೂಂಡ್’ ಎನ್ನುವುದುಂಟು.

ಈ ನೋವಿನ ವಾಸನೆ ಇನ್ನೂ ಉಳಿದಿರುವುದು ‘ಅಪ್‌ಸೆಟ್’ನಲ್ಲಿ. ಇದನ್ನು ಚಿಕ್ಕ ಸಿಟ್ಟು ಎಂದು ತಿಳಿಯಬೇಡಿ. ಇದು ನಮ್ಮ ‘ಬೇಜಾರು’. ಸಿಟ್ಟು, ದುಃಖ, ಮನಸ್ಸಿಗೆ ಆದ ಪೆಟ್ಟು, ಮೂರೂ ಸೇರಿದ್ದು. ಯಾರಾದರೂ ‘ಐ ಆಮ್ ಅಪ್‌ಸೆಟ್ ವಿತ್ ಯು’ ಎಂದರೆ ಅವರಿಗೆ ನಿಮ್ಮಿಂದ ನೋವಾಗಿದೆ ಅಂತಲೂ ಅರ್ಥ.

‘ರಿಸೆಂಟ್‌ಮೆಂಟ್’ ಬೇರೆಯೇ ಜಾತಿ. ಇದು ಹೊರಗೆ ಕಾಣುವುದಿಲ್ಲ. ಆಸ್ತಿ ಪಾಲಿನಲ್ಲಿ ಅಣ್ಣನಿಗೆ ನೀರಾವರಿ ಜಮೀನು, ತಮ್ಮನಿಗೆ ಖುಷ್ಕಿ ಹೋಯಿತು ಎನ್ನಿ. ತಮ್ಮ ಒಂದು ಮಾತೂ ಆಡಲಿಲ್ಲ. ಮದುವೆ, ಹಬ್ಬಕ್ಕೆ ಬರುತ್ತಾನೆ, ಊಟ ಮಾಡುತ್ತಾನೆ, ಹೋಗುತ್ತಾನೆ. ಇಪ್ಪತ್ತು ವರ್ಷವಾದರೂ ಒಳಗೆ ಬೂದಿ ಮುಚ್ಚಿದ ಕೆಂಡ. ಅದೇ ರಿಸೆಂಟ್‌ಮೆಂಟ್. ಥರ್ಮಾಮೀಟರಿನಲ್ಲಿ ಇವನಿಗೆ ಜ್ವರವೇ ಇಲ್ಲ.

ನಿಮ್ಮ ಮೇಲ್‌ಗೆ ವಾಪಸ್ ಬರೋಣ. ಆಫೀಸಿನ ಇಂಗ್ಲಿಷಿನಲ್ಲಿ, ಅದರಲ್ಲೂ ಬ್ರಿಟಿಷರ ಜೊತೆ, ‘ಆಂಗ್ರಿ’ ಪದವನ್ನು ಆದಷ್ಟು ಕಪಾಟಿನಲ್ಲೇ ಇಡಿ. ಅವರು ಸಿಟ್ಟನ್ನು ತಗ್ಗಿಸಿ ಹೇಳುವ ಜನ. ‘ನಾಟ್ ವೆರಿ ಹ್ಯಾಪಿ’ ಎಂದರೆ ಸಿಟ್ಟು ಬಂದಿದೆ. ‘ಡಿಸಪಾಯಿಂಟೆಡ್’ ಎಂದರೆ ಜೋರಾಗಿಯೇ ಬಂದಿದೆ. ‘ನಾಟ್ ಬೆಸ್ಟ್ ಪ್ಲೀಸ್ಡ್’ ಎಂದರೆ ಎದುರಿಗೆ ಹೋಗಬೇಡಿ. ನಮ್ಮಲ್ಲೂ ‘ಯಜಮಾನ್ರು ಸ್ವಲ್ಪ ಗರಂ ಇದಾರೆ’ ಎಂದರೆ ಆ ‘ಸ್ವಲ್ಪ’ಕ್ಕೆ ಎಷ್ಟು ತೂಕ ಅಂತ ಗೊತ್ತಲ್ವಾ? ನೀವು ‘ದಿ ಕ್ಲೈಂಟ್ ಈಸ್ ಅಪ್‌ಸೆಟ್ ಅಬೌಟ್ ದಿ ಬಿಲ್’ ಎಂದು ಬರೆದಿದ್ದರೆ ಸಾಕಿತ್ತು. ಅವರು ನಿಜಕ್ಕೂ ಕೂಗಾಡಿದ್ದರೆ ‘ಫ್ಯೂರಿಯಸ್ ವಿತ್ ಅಸ್’. ತಪ್ಪು ಬಿಲ್ ಮೂರನೇ ಸಲವಾಗಿದ್ದರೆ ‘ಎಗ್ಸಾಸ್ಪರೇಟೆಡ್’, ಆಗ ಮ್ಯಾನೇಜರಿಗೂ ತಪ್ಪು ಯಾರದು ಅಂತ ಒಂದೇ ಪದದಲ್ಲಿ ತಿಳಿಯುತ್ತದೆ. ನಿಮ್ಮ ಬಗ್ಗೆ ಬರೆಯುವಾಗ ಇರಿಟೇಟೆಡ್, ಇರಿಟೇಟಿಂಗ್ ಎರಡನ್ನೂ ಅದಲುಬದಲು ಮಾಡಬೇಡಿ. ‘ಐ ಆಮ್ ವೆರಿ ಇರಿಟೇಟಿಂಗ್ ಟುಡೇ’ ಎಂದು ರಜೆ ಅರ್ಜಿಯಲ್ಲಿ ಬರೆದ ಹುಡುಗನೊಬ್ಬ ನನಗೆ ಗೊತ್ತು. ‘ಇವತ್ತು ನಾನು ಎಲ್ಲರಿಗೂ ತಲೆನೋವು’ ಎಂದಂತಾಯಿತು. ರಜೆ ಕೂಡಲೇ ಮಂಜೂರಾಯಿತು.

ಕೊನೆಗೆ ಮುನಿಸು. ನಿಘಂಟು ನೋಡಿದರೆ ಆಂಗರ್, ಡಿಸ್‌ಪ್ಲೆಶರ್ ಎಂದೆಲ್ಲ ಕೊಡುತ್ತವೆ. ಯಾವುದೂ ಕೂರುವುದಿಲ್ಲ. ಯಾಕೆಂದರೆ ಮುನಿಸು ತಮ್ಮವರ ಜೊತೆಗೆ ಮಾತ್ರ. ಬಸ್ ಕಂಡಕ್ಟರ್ ಚಿಲ್ಲರೆ ಕೊಡದಿದ್ದರೆ ಸಿಟ್ಟು ಬರುತ್ತದೆ, ಮುನಿಸು ಬರುವುದಿಲ್ಲ. ಮುನಿಸಿಕೊಂಡವರು ಒಲಿಸಿಕೊಳ್ಳಲಿ ಎಂದು ಕಾಯುತ್ತಿರುತ್ತಾರೆ. ಇಂಗ್ಲಿಷಿನ ‘ಸಲ್ಕ್’ನಲ್ಲಿ ಮುಖ ಊದಿಸಿಕೊಂಡು ಕೂರುವುದಿದೆ, ಆದರೆ ಅದರಲ್ಲಿ ಬೈಗುಳದ ಛಾಯೆ ಜಾಸ್ತಿ, ಪ್ರೀತಿ ಕಡಿಮೆ. ಮಕ್ಕಳ ವಿಷಯದಲ್ಲಿ, ಅಥವಾ ಅಮ್ಮ ಮಕ್ಕಳಿಗೆ ಹೇಳುವಾಗ, ಬ್ರಿಟಿಷರು ‘ಕ್ರಾಸ್’ ಅನ್ನುತ್ತಾರೆ. ಅದು ಒಂದಿಷ್ಟು ಹತ್ತಿರ.

ಇನ್ನೊಂದು ಕಡೆ ಈ ಪದ ನನ್ನನ್ನು ಬೆರಗಾಗಿಸುತ್ತದೆ. ದೇವರ ಕೋಪಕ್ಕೆ ಇಂಗ್ಲಿಷಿನಲ್ಲಿ ‘ರಾತ್’ ಎಂಬ ಪದವನ್ನೇ ಎತ್ತಿಟ್ಟಿದ್ದಾರೆ. ಭಾರಿ, ಗಂಭೀರ, ಮೇಲಿನಿಂದ ಬೀಳುವ ಕೋಪ. ಮನೆಯ ಮಾತಿನಲ್ಲಿ ಅದನ್ನು ಬಳಸಿದರೆ ನಗುತ್ತಾರೆ. ನಾವು? ಮಳೆ ಹೋದರೆ ‘ವರುಣನ ಮುನಿಸು’. ಊರಿಗೆ ಕಷ್ಟ ಬಂದರೆ ‘ಅಮ್ಮ ಮುನಿದಿದ್ದಾಳೆ’. ದಾವಣಗೆರೆಯ ದುಗ್ಗಮ್ಮನೇ ಆಗಲಿ, ನಿಮ್ಮೂರಿನ ಅಮ್ಮನೇ ಆಗಲಿ, ಗಂಡ ಹೆಂಡತಿ ಜಗಳಕ್ಕೆ ಬಳಸುವ ಪದವನ್ನೇ ದೇವಿಗೂ ಬಳಸುತ್ತೇವೆ. ಅವಳೂ ಮನೆಯವಳೇ, ಉಡಿ ತುಂಬಿದರೆ ಒಲಿಯುತ್ತಾಳೆ ಎನ್ನುವ ಲೆಕ್ಕ. ಅದನ್ನು ‘ದಿ ರಾತ್ ಆಫ್ ದಿ ಗಾಡೆಸ್’ ಎಂದು ಅನುವಾದಿಸಿದರೆ ತಪ್ಪಲ್ಲ. ಆದರೆ ಉಡಿ ತುಂಬಲು ಯಾರೂ ಹತ್ತಿರ ಹೋಗಲಾರರು, ಅಷ್ಟು ಭಯಂಕರವಾಗಿ ಕೇಳಿಸುತ್ತದೆ.

ಹಾಗಾಗಿ ಮುನಿಸಿಗೆ ಒಂದೇ ಪದ ಹುಡುಕಬೇಡಿ, ಒಂದು ವಾಕ್ಯ ಇಟ್ಟುಕೊಳ್ಳಿ. ‘ಷಿ ಈಸ್ ನಾಟ್ ಸ್ಪೀಕಿಂಗ್ ಟು ಮಿ’. ಮಾತು ಬಿಟ್ಟಿದ್ದಾಳೆ. ಇಂಗ್ಲಿಷಿನವರು ಮನೆಯೊಳಗಿನ ಈ ಸಿಟ್ಟಿಗೆ ಹೇಳುವುದೂ ಇದನ್ನೇ. ನಮ್ಮ ಮನೆಯಲ್ಲಿ ಇವತ್ತಿಗೆ ಎರಡು ದಿನ. ಭಾನುವಾರ ದೋಸೆ ಪಾರ್ಸೆಲ್ ತರುತ್ತೇನೆ ಎಂದು ಹೇಳಿ ಹೋದವನು, ಅಲ್ಲೇ ಕೂತು ತಿಂದು, ಬರಿಗೈಲಿ ಬಂದಿದ್ದೆ.